ಉಳಿದ ನಾಲ್ಕು ಮಾತ್ರೆ

ದರ್ಜಿ ಹೆಂಗಸು ಮಾತ್ರೆಯ ಹಾಳೆಯ ಮೇಲೆ ಕತ್ತರಿ ಇಟ್ಟೇಬಿಟ್ಟಿದ್ದಳು. ಹೊಲಿಗೆ ಯಂತ್ರದ ಸೂಜಿ ಹೊಕ್ಕು ಕೀವುಗಟ್ಟಿದ್ದ ಅವಳ ತೋರುಬೆರಳಿನ ಊತ ಮೂರೇ ದಿನಕ್ಕೆ ಇಳಿದಿತ್ತು. ದಿನಕ್ಕೊಂದರಂತೆ ಏಳು ದಿನಕ್ಕೆ ಬರೆದುಕೊಟ್ಟಿದ್ದ ಮಾತ್ರೆಯಲ್ಲಿ ನಾಲ್ಕು ಉಳಿದಿದ್ದವು. "ನಂಗೆ ವಾಸಿಯಾಯ್ತಲ್ಲ ಅಕ್ಕಾ, ಇವನ್ನ ನೀವು ತಗೊಳ್ಳಿ. ಕೆಮ್ಮಿ ಕೆಮ್ಮಿ ಹಣ್ಣಾಗಿದ್ದೀರಿ" ಎಂದಳು.

ಪಕ್ಕದಲ್ಲೇ ಕೂತು ಗುಂಡಿ ಹೊಲಿಯುತ್ತಿದ್ದ ಓರಗಿತ್ತಿ ಕೈ ಚಾಚಲಿಲ್ಲ. ಫೋನೆತ್ತಿ ಸ್ಪೀಕರ್ ಹಾಕಿ, ಮಾತ್ರೆ ಬರೆದುಕೊಟ್ಟ ಡಾಕ್ಟರಮ್ಮನಿಗೆ ಇದ್ದದ್ದು ಇದ್ದ ಹಾಗೆ ಹೇಳಿದಳು. ಬೈಗುಳಕ್ಕೆ ಕಾದು ದರ್ಜಿ ಮುಖ ಚಿಕ್ಕದು ಮಾಡಿಕೊಂಡಳು. ಆ ಕಡೆಯಿಂದ ಬಂದದ್ದು ಮೆತ್ತಗಿನ ಮಾತು: "ಕೇಳಿದ್ದು ಒಳ್ಳೇದಾಯ್ತಮ್ಮ. ಊತ ಇಳಿದ್ರೂ ಒಳಗೆ ಸೋಂಕು ಉಳಿದಿರಬಹುದು. ಆ ನಾಲ್ಕನ್ನೂ ಬೆರಳಿನವರೇ ಮುಗಿಸ್ಲಿ. ಕೆಮ್ಮಿಗೆ ಅದು ಬೇಡ, ನೀವು ಬಂದು ತೋರಿಸಿ."

"ಕೇಳಿಸ್ತಾ?" ಎಂದು ಓರಗಿತ್ತಿ ಫೋನಿಟ್ಟಳು. "ನಿಜ ಹೇಳು, ಮಾತ್ರೆ ನಂಗೆ ಕೊಡೋಕೆ ಯಾಕಿಷ್ಟು ಅವಸರ ನಿಂಗೆ?"

"ನನ್ನ ಕೆಲಸ ಎಲ್ಲಾ ನಿಮ್ಮ ತಲೆ ಮೇಲೆ ಬಿತ್ತಲ್ಲ ಅಕ್ಕಾ. ನೀವು ಕೆಮ್ತಾ ಹೊಲಿಯೋದನ್ನ ನೋಡಕ್ಕಾಗಲ್ಲ."

"ಮೂರು ದಿನ ಹೊಲಿದವಳಿಗೆ ಇನ್ನು ನಾಲ್ಕು ದಿನ ಭಾರಾನಾ? ನಿನ್ನ ಬೆರಳಿಗೆ ಹೆಚ್ಚುಕಮ್ಮಿಯಾದ್ರೆ ಈ ಗಿರಾಕಿಗಳೆಲ್ಲಾ ನನ್ನ ಸೊಟ್ಟ ಹೊಲಿಗೇನೇ ಹಾಕ್ಕೊಂಡು ತಿರುಗಬೇಕು. ಅವರ ಮೇಲಾದ್ರೂ ಕರುಣೆ ಇರಲಿ!"

ದರ್ಜಿ ನಕ್ಕಳು, ನಗುತ್ತಲೇ ಅವಳ ಕಣ್ಣು ತುಂಬಿ ಬಂತು. ಕೂಡಿ ಬಾಳಿದ ಹತ್ತು ವರ್ಷದಲ್ಲಿ ಈಕೆ ತನಗೆ ಇಷ್ಟು ಹತ್ತಿರದವಳೆಂದು ಅವಳಿಗೆ ತಿಳಿದೇ ಇರಲಿಲ್ಲ. ಅಂದಿನ ಮಾತ್ರೆ ನುಂಗಿದಳು. ಆಮೇಲೆ ಓರಗಿತ್ತಿಯ ಮಡಿಲಿನಿಂದ ಅಂಗಿಯನ್ನು ಮೆಲ್ಲನೆ ಎತ್ತಿ ಪಕ್ಕಕ್ಕಿಟ್ಟು, "ಏಳಿ ಅಕ್ಕಾ, ಡಾಕ್ಟರ ಹತ್ರ ಈಗಲೇ ಹೋಗೋಣ" ಎಂದಳು.