ನೀರು ಮುಟ್ಟದ ಹುಟ್ಟು

ನದಿಯಲ್ಲಿ ಬಾಣಲೆ ಎನ್ನುವ ಜಾಗಕ್ಕೆ ಇನ್ನೂರು ಅಡಿ ಇರುವಾಗ ಅವನ ಹುಟ್ಟು ನೀರು ಮುಟ್ಟುವುದನ್ನು ನಿಲ್ಲಿಸಿತು. ಕೈಗಳೇನೋ ಆಡುತ್ತಿದ್ದವು. ಬೆನ್ನು ಬಾಗುತ್ತಿತ್ತು, ಏಳುತ್ತಿತ್ತು. ಹುಟ್ಟಿನ ಅಲಗು ಮಾತ್ರ ನೊರೆಯನ್ನು ಸವರಿಕೊಂಡು ಹಿಂದಕ್ಕೆ ಹೋಗುತ್ತಿತ್ತು. ಕೊನೆಯಲ್ಲಿ ಕುಳಿತು ರಾಫ್ಟು ನಡೆಸುತ್ತಿದ್ದ ಅಕ್ಕನಿಗೆ ಅಲ್ಲಿಂದ ಕಾಣುತ್ತಿದ್ದದ್ದು ತಮ್ಮನ ಬೆನ್ನು. ಬೆನ್ನು ಚೆನ್ನಾಗಿಯೇ ದುಡಿಯುತ್ತಿತ್ತು.

ಹನ್ನೊಂದು ವಾರದ ಹಿಂದೆ ಇದೇ ನದಿಯಲ್ಲಿ, ಒಬ್ಬರೇ ಕೂರುವ ಕಯಾಕ್ ದೋಣಿ ಮಗುಚಿ, ಬಂಡೆಗೆ ಬಡಿದು, ಅವನ ಬಲಭುಜದ ಕೀಲು ತಪ್ಪಿತ್ತು. ರಾಫ್ಟುಗಳ ಪಕ್ಕದಲ್ಲೇ ಕಯಾಕಿನಲ್ಲಿ ಹೋಗುತ್ತ, ನೀರಿಗೆ ಬಿದ್ದವರನ್ನು ಎಳೆದು ತರುವುದು ಅವನ ಕೆಲಸ. ಈ ವಾರವೂ ನದಿಗಿಳಿಯದಿದ್ದರೆ ಆ ಕಯಾಕ್ ಬೇರೊಬ್ಬನಿಗೆ ಎಂದು ಮಾಲೀಕ ಹೇಳಿಯಾಗಿತ್ತು. ಅದಕ್ಕೇ ಇವತ್ತು ಅಕ್ಕನ ರಾಫ್ಟಿನಲ್ಲಿ ಬಲಗಡೆ ಮುಂದೆ ಕುಳಿತಿದ್ದ. ಡಾಕ್ಟರು ಏನಂದರೆಂದು ಅಕ್ಕ ಕೇಳಿದಾಗ, "ಆರಾಮಾಗಿ ಹೋಗು ಅಂದ್ರು," ಎಂದಿದ್ದ. ಡಾಕ್ಟರು ಅಂದದ್ದು, ಇನ್ನೊಂದು ತಿಂಗಳು ತುಂಬಿದ ಬಕೆಟ್ಟನ್ನೂ ಎತ್ತಬೇಡ ಎಂದು.

ನದಿ ಆಳೆತ್ತರದಿಂದ ಧುಮುಕಿ, ಬಿದ್ದಲ್ಲೇ ಹಿಂದಕ್ಕೆ ಮಗುಚಿಕೊಳ್ಳುವ ಜಾಗವೇ ಬಾಣಲೆ. ರಭಸದಿಂದ ಹೋದ ರಾಫ್ಟು ದಾಟುತ್ತದೆ, ನಿಧಾನವಾದದ್ದು ಒಳಗೇ ಸಿಕ್ಕಿಕೊಳ್ಳುತ್ತದೆ. ಅಲ್ಲಿ ನೀರಿನ ಸದ್ದಿಗೆ ಯಾರ ಕೂಗೂ ಯಾರಿಗೂ ಕೇಳುವುದಿಲ್ಲ. ಬಲಗಡೆ ಮುಂದೆ ಕುಳಿತವನನ್ನು ನೋಡಿಕೊಂಡೇ ಉಳಿದ ಐವರು ಹುಟ್ಟು ಹಾಕಬೇಕು. ಬೆಳಿಗ್ಗೆ ದಡದಲ್ಲಿ ಅಕ್ಕ ಇದನ್ನು ಎರಡೆರಡು ಸಲ ಹೇಳಿದ್ದಳು.

"ಅಷ್ಟೇ ತಾನೇ ಮೇಡಂ?" ಎಂದಿದ್ದ, ತಮ್ಮನ ಬೆನ್ನಿಗೇ ಕೂರಬೇಕಾಗಿದ್ದ ಟೈಲರ್. ಈಜು ಬಾರದು, ಮಗಳ ಹಟಕ್ಕೆ ಬಂದವನು. "ಕೊಟ್ಟ ಅಳತೆಗೆ ಹೊಲಿಯೋದೇ ನನ್ನ ಕಸುಬು. ಒಂದಿಂಚು ಆಚೆ ಈಚೆ ಆದ್ರೆ ಕೇಳಿ."

"ಅಪ್ಪಾ, ಸುಮ್ನಿರು. ಮಾನ ತೆಗೀಬೇಡ," ಎಂದಿದ್ದಳು ಮಗಳು.

ಈಗ ಆ ಮಗಳು ಎಡಗಡೆ ಮುಂದೆ, ತಮ್ಮನ ಪಕ್ಕದಲ್ಲೇ ಇದ್ದಳು. ನಾಲ್ಕು ಸಲ ಎಳೆಯುವಷ್ಟರಲ್ಲಿ ಅವನ ಭುಜದೊಳಗೆ ಏನೋ ಕಳಕ್ಕೆಂದಿತ್ತು. ಹನ್ನೊಂದು ವಾರದಿಂದ ಕನಸಿನಲ್ಲಿ ಕೇಳುತ್ತಿದ್ದ ಸದ್ದು. ಐದು ಜನ ಎಳೆಯುತ್ತಿದ್ದಾರಲ್ಲ, ನನ್ನೊಬ್ಬನದು ಇಲ್ಲದಿದ್ದರೇನು ಎಂದುಕೊಂಡ. ಆಮೇಲೆ ಯಾಕೋ ಪಕ್ಕಕ್ಕೆ ನೋಡಿದ. ಮಗಳ ಹುಟ್ಟು ನೊರೆಯನ್ನು ಸವರುತ್ತಿತ್ತು. ತಿರುಗಿ ನೋಡಿದ. ಟೈಲರ್ ನಾಲಗೆಯನ್ನು ಹಲ್ಲಿನಡಿ ಕಚ್ಚಿಕೊಂಡು, ಅವನ ಕೈಗಳಿಂದ ಕಣ್ಣು ಕೀಳದೆ, ಹುಟ್ಟನ್ನು ನೀರಿಗೆ ತಾಗಿಯೂ ತಾಗದಂತೆ ಆಡಿಸುತ್ತಿದ್ದ. ಒಂದಿಂಚೂ ಆಚೆ ಈಚೆ ಇರಲಿಲ್ಲ.

"ಎಳೀರಿ!" ಎಂದು ಕಿರುಚಿದ. ಅವನಿಗೇ ಕೇಳಿಸಲಿಲ್ಲ.

ರಾಫ್ಟು ಇಳಿದದ್ದು ಇಳಿದಲ್ಲೇ ನಿಂತಿತು, ಯಾರೋ ಕಾಲು ಹಿಡಿದಂತೆ. ನೀರು ತಲೆಯ ಮೇಲೆ ಬಿತ್ತು. ಕಣ್ಣು ಬಿಟ್ಟಾಗ ಹಿಂದಿನ ಜಾಗ ಖಾಲಿ. ಮಗಳ ಬಾಯಿ ತೆರೆದಿತ್ತು, ದನಿ ಇರಲಿಲ್ಲ. ಬಲಗಡೆ, ಕೈಗೆಟುಕುವಷ್ಟು ಹತ್ತಿರ, ಟೈಲರನ ಹಳದಿ ಹೆಲ್ಮೆಟ್ ಮೇಲೆ ಬಂತು. ಬಲಗೈ ಚಾಚಿದ್ದರೆ ಸಾಕಿತ್ತು. ಅವನು ಮೈ ತಿರುಗಿಸಿ ಎಡಗೈ ಚಾಚಿದ. ಒಂದು ಗೇಣು ಸಾಲಲಿಲ್ಲ. ಹೆಲ್ಮೆಟ್ ಮುಳುಗಿತು. ಒಂದು, ಎರಡು, ಮೂರು. ಎಣಿಸುವುದು ಅವನಿಗೆ ಗೊತ್ತಿತ್ತು. ಅಂದು ಕಯಾಕ್ ಮಗುಚಿ ತಲೆಕೆಳಗಾಗಿ ನೀರಿನೊಳಗಿದ್ದಾಗಲೂ ಹೀಗೇ ಎಣಿಸಿದ್ದ. ಏಳಕ್ಕೆ ಅಕ್ಕ ಎಲ್ಲರನ್ನೂ ತುಳಿದುಕೊಂಡು ಬಂದಳು. ಅಂಚಿನ ಮೇಲೆ ಬಗ್ಗಿ, ಲೈಫ್ ಜಾಕೆಟ್ಟಿನ ಪಟ್ಟಿಗೆ ಕೈ ಹಾಕಿ, ಟೈಲರನನ್ನು ಎದೆಯ ಮೇಲೆ ಎಳೆದುಕೊಂಡು ಹಿಂದಕ್ಕೆ ಬಿದ್ದಳು. ಅಷ್ಟರಲ್ಲಿ ಬಾಣಲೆಗೂ ಸಾಕಾಗಿತ್ತೇನೋ, ರಾಫ್ಟನ್ನು ಉಗುಳಿತು.

ಕೆಳಗೆ ನೀರು ಸದ್ದಿಲ್ಲದೆ ನಿಂತಿತ್ತು. ಎರಡೂ ಕಡೆ ಕಡಿದಾದ ಬಂಡೆ. ಹತ್ತಿ ಹೋಗಲು ದಾರಿಯಿಲ್ಲ. ಟೈಲರ್ ಕಕ್ಕಿದ, ಕೆಮ್ಮಿದ, ಮಗಳ ತಲೆ ಸವರಿದ. ಆಮೇಲೆ ಅವನ ಕಡೆ ತಿರುಗಿ ನಾಚಿಕೊಂಡವನಂತೆ ನಕ್ಕ.

"ಸರ್, ನೀವು ಮಾಡಿದ್ದನ್ನೇ ಮಾಡ್ದೆ. ಎಲ್ಲಿ ತಪ್ಪಿದೆ ಅಂತ ಗೊತ್ತಾಗ್ಲಿಲ್ಲ. ಬೈಕೋಬೇಡಿ."

ಅವನು ಬಾಯಿ ತೆರೆದ.

"ಭುಜ ಹೇಗಿದೆಯೋ?" ಎಂದಳು ಅಕ್ಕ. "ಕೆಳಗಡೆ ಇಂಥದ್ದು ಇನ್ನೂ ಎರಡಿದೆ. ಮುಂದೆ ಬೇರೆಯವರನ್ನ ಕೂರಿಸ್ಲಾ? ನಿಜ ಹೇಳು."

"ಬೇಡ ಅಕ್ಕ. ಸರಿಯಾಗೇ ಇದೆ."

ಟೈಲರ್ ಮುಖ ಒರೆಸಿಕೊಂಡು, ತೆವಳಿಕೊಂಡು ಬಂದು, ಮತ್ತೆ ಅವನ ಬೆನ್ನಿಗೇ ಕುಳಿತ. ತಿರುವಿನ ಆಚೆಯಿಂದ ಸದ್ದು ಶುರುವಾಗಿತ್ತು.

"ಮುಂದೆ!" ಅಕ್ಕ ಕೂಗಿದಳು.

ಅವನು ಹುಟ್ಟು ಎತ್ತಿದ. ಅವನದು ಇಳಿಯಲೆಂದು ಉಳಿದ ಐದು ಹುಟ್ಟುಗಳು ಗಾಳಿಯಲ್ಲೇ ಕಾಯುತ್ತಿದ್ದವು.