ಅಕ್ಕಲಕೋಟದ ಗೆಳೆಯ

ಸ್ಕೂಟರಿನ ಸದ್ದು ಕೇಳಿದ್ದೇ ತಡ, ಶುಭಾಂಗಿ ಲ್ಯಾಪ್‌ಟಾಪ್ ಮುಚ್ಚಿ ಅದರ ಮೇಲೆ ಚಾದರ ಎಳೆದಳು. ಗಂಡ ಗುರುನಾಥ ಊಟಕ್ಕೆ ಬಂದಿದ್ದ. ಅವನು ಕೈ ತೊಳೆದು ಕೂರುವಷ್ಟರಲ್ಲಿ ತಟ್ಟೆಯಲ್ಲಿ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ ಇದ್ದವು.

"ರೂಪಾಲಿ ಬರ್ತಾಳೇನು ಇವತ್ತ?" ತಟ್ಟೆಯಿಂದ ತಲೆ ಎತ್ತದೆ ಕೇಳಿದ.

ನಾದಿನಿಯ ಮಗಳನ್ನು ಶುಭಾಂಗಿ ಗುಟ್ಟಾಗಿ ಕರೆಸಿದ್ದಳು. "ಯಾಕ್ರಿ?"

"ಸುಮ್ಮ ಕೇಳಿದೆ." ಎರಡನೆಯ ರೊಟ್ಟಿ ಬೇಡವೆಂದು ಎದ್ದ. "ಸಂಜಿಕ ತಡಾ ಆಗ್ತದ. ದುಕಾನದಾಗ ಕೆಲಸ ಅದ."

ಯಾವ ಸಂಜೆ ಕೆಲಸವಿರಲಿಲ್ಲ? ಶ್ರಾವಣದಲ್ಲಿ ಯುವರಾಜ ಜ್ವರ ಬಂದು ತೀರಿಕೊಂಡ. ಒಬ್ಬನೇ ಮಗ, ಹದಿನಾಲ್ಕು ವರ್ಷದವನು. ಅಂದಿನಿಂದ ಗುರುನಾಥ ಅವನ ಹೆಸರೆತ್ತಿಲ್ಲ, ಹೆಂಡತಿಯ ಮುಂದೆ ಒಂದು ಹನಿ ಕಣ್ಣೀರು ಹಾಕಿಲ್ಲ. ಮುಂಜಾನೆ ಚಾದರದ ಅಂಗಡಿ, ಸಂಜೆ ಅದೇ ಅಂಗಡಿ. ಗುರುವಾರ ಬಂದರೆ ಮಾಲು ಕೊಡಲು ಅಕ್ಕಲಕೋಟ. ಮಗನನ್ನು ಮರೆಯುವುದು ಇಷ್ಟು ಸಲೀಸೇ ಎಂದು ಶುಭಾಂಗಿ ಒಳಗೊಳಗೇ ಸುಟ್ಟುಕೊಳ್ಳುತ್ತಿದ್ದಳು. ಈಗ ಇಬ್ಬರ ನಡುವೆ ಉಪ್ಪು, ನೀರು, ಹಾಲಿನ ಮಾತಷ್ಟೇ ಉಳಿದಿತ್ತು.

ಅವನು ಹೋದೊಡನೆ ಚಾದರ ಸರಿಸಿದಳು. ಲ್ಯಾಪ್‌ಟಾಪಿನಲ್ಲಿ ಯುವರಾಜನ ಆಟ ತೆರೆಯಲಿಲ್ಲ. ಪರದೆ ಒಮ್ಮೆ ಕಪ್ಪಾಗಿ ಮತ್ತೆ ಮೊದಲಿನಂತಾಯಿತು. ನಿನ್ನೆ ಯಂತ್ರ ಏನೇನೋ ಹೊಸದು ಹಾಕಲೇ ಎಂದು ಕೇಳಿತ್ತು; ಅಡುಗೆಯ ಗಡಿಬಿಡಿಯಲ್ಲಿ ಎಲ್ಲಕ್ಕೂ ಹೂಂ ಒತ್ತಿದ್ದಳು. ಸಂಜೆ ಅಮೋಲ ಬರುತ್ತಾನೆ. ಅಷ್ಟರೊಳಗೆ ಇದು ಸರಿಯಾಗಲೇಬೇಕು.

ಅಮೋಲ ಅಕ್ಕಲಕೋಟದ ಪೇಡೆ ಅಂಗಡಿಯವರ ಮಗ. ಯುವರಾಜ ಅವನ ಮುಖ ಕಂಡವನಲ್ಲ, ಆಟದೊಳಗಿನ ಗೆಳೆತನ. ಇಬ್ಬರೂ ಕೂಡಿ ಪರದೆಯ ಮೇಲೆ ಹೊಲ ಮಾಡಿ ಕುರಿ ಸಾಕಿದ್ದರು. ಊಟಕ್ಕೆ ಕೂತರೂ ಅವನದೇ ಸುದ್ದಿ.

ಲ್ಯಾಪ್‌ಟಾಪ್ ಹಳೆಯದು, ವಿಂಡೋಸಿನ ಭಾರ ಹೊರುತ್ತಿರಲಿಲ್ಲ. ಯುವರಾಜನೇ ಅದನ್ನು ಕಿತ್ತು ಹಗುರವಾದ ಲಿನಕ್ಸ್ ಹಾಕಿದ್ದ. ಅಂಗಡಿಯ ಬಿಲ್ಲಿನ ಕಂಪ್ಯೂಟರಿಗೂ ಹಾಕಿಕೊಟ್ಟಿದ್ದ. ಆದರೆ ಆಟ ವಿಂಡೋಸಿನದು. ಅದಕ್ಕೆ ವೈನ್ ಎಂಬುದೊಂದನ್ನು ಕೂಡಿಸಿದ್ದ.

"ಏನಂದಿ?" ರೊಟ್ಟಿ ಬಡಿಯುತ್ತಿದ್ದ ಶುಭಾಂಗಿಯ ಕೈ ಅಂದು ನಿಂತಿತ್ತು.

"ಕುಡಿಯೂದಲ್ಲವ್ವ. ಅಪ್ಪಗ ಮತ್ತೇನರೆ ಹೇಳಿಗೀಳಿ. ಇದು ನಡುವ ನಿಂದರ್ತದ. ಆಟ ಏನು ಕೇಳಿದ್ರೂ ಹೊಂದಿಸಿ ಕೊಡ್ತದ. ತಾ ತನ್ನ ಮನ್ಯಾಗ ಇದ್ದೀನಿ ಅಂತ ಆಟ ನಂಬ್ತದ."

"ಸುಳ್ಳ ಹೇಳಿದಂಗಾತಲ್ಲೋ."

"ಆಟ ನಡೀತದಲ್ಲ, ಸಾಕು."

ಎಲ್ಲ ಮುಗಿದ ಮೇಲೆ ಒಂದು ದಿನ ಆ ಲ್ಯಾಪ್‌ಟಾಪ್ ತೆರೆದಿದ್ದಳು, ಕೊನೆಯ ಸಲವೆಂದು. ಇಂಗ್ಲಿಷ್ ಅಕ್ಷರದ ಕನ್ನಡದಲ್ಲಿ ಅಮೋಲನ ಸಾಲು ಕಾದಿತ್ತು: "ಎಲ್ಲಿ ಸತ್ತೀದಿಯಲೇ? ಕುರಿ ಉಪವಾಸ ಅದಾವ." ನಿಜ ಬರೆಯಲು ಬೆರಳು ಏಳಲಿಲ್ಲ. "ಜ್ವರ ಇತ್ತು. ಬಂದೀನಿ," ಎಂದು ಒತ್ತಿದಳು.

ಅಂದಿನಿಂದ ಅವಳೇ ಯುವರಾಜ. ಇಡೀ ಜಗತ್ತಿನಲ್ಲಿ ಅವಳ ಮಗ ಬದುಕಿದ್ದಾನೆಂದು ನಂಬಿದವನು ಅಮೋಲ ಒಬ್ಬನೇ. ಅವನೊಬ್ಬ ನಂಬಿರುವ ತನಕ ದಿನಕ್ಕೊಂದು ತಾಸು ಯುವರಾಜ ಇರುತ್ತಿದ್ದ. ಒಂದು ಸಂಜೆ ತಪ್ಪಿದರೆ ಹುಡುಗ ಅಲ್ಲಿ ಇಲ್ಲಿ ವಿಚಾರಿಸಿಯಾನು. ಆಮೇಲೆ ಯುವರಾಜ ಎಲ್ಲಿಯೂ ಇರುವುದಿಲ್ಲ.

ಮೊದಮೊದಲು ಅಮೋಲ ಅವಳ ಆಟಕ್ಕೆ ರೇಗುತ್ತಿದ್ದ: "ಕಣ್ಣ ಮುಚ್ಕೊಂಡ ಆಡ್ತೀದಿ ಏನಲೇ?" ದಸರೆ ಕಳೆದ ಮೇಲೆ ಮೆತ್ತಗಾದ. ಅವಳಷ್ಟೇ ನಿಧಾನವಾದ, ಅವನ ಕುರಿಗಳೂ ಹಳ್ಳಕ್ಕೆ ಬೀಳತೊಡಗಿದವು. ತನಗಾಗಿ ತಡೆದು ಆಡುತ್ತಾನೆ ಪಾಪ ಎಂದುಕೊಂಡಳು. ಕೂತೊಡನೆ "ಊಟ ಆತು?" ಎನ್ನುತ್ತಿದ್ದ. ನಡುನಡುವೆ "ಯಾರೋ ಬಂದ್ರು, ತಡಿ" ಎಂದು ಎದ್ದು ಹೋಗುತ್ತಿದ್ದ. ಗುಡಿಯ ಊರು, ಬರುವವರು ಹೋಗುವವರು ಇದ್ದದ್ದೇ.

ಮೊನ್ನೆ ಕೇಳಿದ್ದ, "ನಿಮ್ಮಪ್ಪ ಹೆಂಗದಾರ?"

"ಅವರಿಗೇನು? ದುಕಾನ ಒಂದಿದ್ರ ಸಾಕು," ಎಂದು ಬರೆದಿದ್ದಳು.

ಉತ್ತರ ಬಂತು: "ಮನ್ಯಾಗ ಕುಂದ್ರಾಕ ಆಗವಲ್ದು ಇರಬೇಕು ಅವರಿಗೆ."

ಇಷ್ಟು ಸಣ್ಣ ಹುಡುಗನಿಗೆ ಇರುವ ತಿಳಿವಳಿಕೆ ತನ್ನ ಗಂಡನಿಗಿಲ್ಲವಲ್ಲ ಎಂದು ಅಂದು ಅತ್ತಿದ್ದಳು.

ಸಂಜೆಯ ಹೊತ್ತಿಗೆ ರೂಪಾಲಿ ಬಂದಳು. ಕಂಪ್ಯೂಟರ್ ರಿಪೇರಿ ಕಲಿತವಳು. ಯಾರು ಆಡುತ್ತಾರೆ, ಯಾಕೆ ಎಂದು ಕೇಳಲಿಲ್ಲ. ಶುಭಾಂಗಿ ಒಲೆಯ ಮೇಲೆ ಚಹಾ ಇಟ್ಟು ಬಾಗಿಲಲ್ಲೇ ನಿಂತಳು, ಒಂದು ಕಿವಿ ಸ್ಕೂಟರಿನ ಕಡೆಗೆ.

"ಆಗ್ತದಿಲ್ಲೋ ರೂಪಾ?"

"ಹೊಸಾ ವೈನ್ ಈ ಆಟಕ್ಕ ಹೊಂದವಲ್ದು ಮಾಮಿ. ಅದನ್ನ ತಗದು ಹಳೇದ ಹಾಕೀನಿ. ಗಾಬರಿ ಆಗಬ್ಯಾಡ್ರಿ, ಕುರಿ ಎಲ್ಲೂ ಹೋಗಿಲ್ಲ."

ಪರದೆಯ ಮೇಲೆ ಹೊಲ ಮೂಡಿತು. ಬೇಲಿಯ ಪಕ್ಕದಲ್ಲಿ, ಎಂದಿನ ಕೆಂಪು ರುಮಾಲಿನಲ್ಲಿ, ಅಮೋಲ ನಿಂತಿದ್ದ. ಶುಭಾಂಗಿಗೆ ಉಸಿರು ಬಂದಂತಾಯಿತು. ಕೆಳಗೆ ಅವನ ಸಾಲು ಮೂಡಿತು: "ಬಂದ್ಯಾ? ಇವತ್ತ ಬರೂದಿಲ್ಲೇನೋ ಅಂತ ಅಂಜಿದ್ದೆ."

ರೂಪಾಲಿ ಅದನ್ನು ಓದಿ ನಕ್ಕಳು, ನಕ್ಕು ಕಣ್ಣೊರೆಸಿಕೊಂಡಳು.

"ನೀವಿಬ್ಬರೂ ಮಾತ ಬಿಟ್ಟೀರಿ ಅಂತ ನಮ್ಮವ್ವ ದಿನಾ ಅಳ್ತಾಳ. ಇಲ್ಲಿ ನೋಡಿದ್ರ ಕೂಡಿ ಕುರಿ ಕಾಯಾಕತ್ತೀರಿ," ಎಂದು ಲ್ಯಾಪ್‌ಟಾಪನ್ನು ಅವಳತ್ತ ತಿರುಗಿಸಿದಳು. "ದುಕಾನದ ಕಂಪ್ಯೂಟರಿಗೂ ಇದ ರೋಗ ಹತ್ತಿತ್ತು, ಮುಂಜಾನಿನ ಸರಿ ಮಾಡಿ ಬಂದೀನಿ. ಅಕ್ಕಲಕೋಟದ ಹುಡುಗ ತನ್ನ ಆಟ ಮಾಮಾಗ ಬಿಟ್ಟುಕೊಟ್ಟಿದ್ದು ಚಲೋ ಆತು. ಏನರೆ ಬರೀರಿ ಮಾಮಿ, ಮಾಮಾ ಕಾಯಾಕತ್ತಾರ."