ಗ್ಯಾರೇಜಿನ ಹಿಂದಿನ ಸೈಟು

"ಎಲ್ಲಾ ಕಡೆ ಅಗೆಯೋಕಾಗಲ್ಲ ಯಜಮಾನ್ರೇ, ನೀವು ತೋರಿಸಿದ ಕಡೆ ಅಗೀತೀವಿ. ಗ್ಯಾರೇಜಿನ ಹಳೇ ಆಯಿಲ್ ಎಲ್ಲಿ ಸುರೀತಿದ್ರಿ?" ಎಂದು ಕೇಳಿದಳು ಮಣ್ಣು ಪರೀಕ್ಷೆಗೆ ಬಂದವಳು.

ಸೈನ್ಯ ಬಿಟ್ಟುಹೋದ ಶಿಬಿರದಲ್ಲಿ ಊರವರಿಗೆ ಸೈಟು ಹಂಚಿದ್ದರು. ಮೂವತ್ತು ವರ್ಷ ಅಲ್ಲಿನ ಗ್ಯಾರೇಜಿನಲ್ಲೇ ಸೈನ್ಯದ ಲಾರಿ ರಿಪೇರಿ ಮಾಡಿದ್ದ ಮುದುಕ ತನ್ನ ಕಾಲಡಿಯ ಕೆಂಪು ಮಣ್ಣು ನೋಡಿದ. ಡ್ರಮ್ಮುಗಟ್ಟಲೆ ಆಯಿಲ್ ಸುರಿದದ್ದು ಇಲ್ಲಿಗೇ, ಸುರಿದವನೂ ಅವನೇ. ಹೋಗುವಾಗ ಸೈನ್ಯದವರು ಮೇಲೆ ಕೆಂಪು ಮಣ್ಣು ಹರಡಿದ್ದರು. ಸೈಟಿಗಾಗಿ ಆರು ವರ್ಷ ಕಾದ ಮಗಳಿಗೆ ಚೀಟಿ ಎತ್ತಿದಾಗ ಬಂದದ್ದೂ ಇದೇ ಜಾಗ. ಬಾಯಿಬಿಟ್ಟರೆ ಅದು ಕೈತಪ್ಪಿದಂತೆಯೇ.

"ಎಲ್ಲಾ ಹೊರಗೆ ಕಳಿಸ್ತಿದ್ವಿ ತಾಯಿ. ಇಲ್ಲಿ ಸಿಪಾಯಿಗಳು ವಾಲಿಬಾಲ್ ಆಡೋರು, ಅಷ್ಟೇ."

ಅವಳು ಅದನ್ನೇ ಬರೆದುಕೊಂಡು ಜೀಪು ಹತ್ತಿದಳು. ಪಕ್ಕದಲ್ಲೇ ನಿಂತಿದ್ದ ಮಗಳು ಕಂಕುಳಲ್ಲಿದ್ದ ಕೂಸನ್ನು ಕೆಳಗಿಳಿಸಿ, ಖುಷಿಯಲ್ಲಿ ಗುದ್ದಲಿ ಹಾಕಿಯೇಬಿಟ್ಟಳು.

"ಅಪ್ಪಾ, ಒಂದು ಗೇಣು ಕೆಳಗೆ ಎಂಥಾ ಕಪ್ಪು ಮಣ್ಣು ನೋಡು! ನಿನ್ನ ಮೀಸೆ ಥರ ಬಣ್ಣ ಹಚ್ಚಿದ್ದಲ್ಲ, ಅಸಲಿ ಕಪ್ಪು! ಕಡ್ಡಿ ನೆಟ್ಟರೂ ಚಿಗುರುತ್ತೆ. ಮೊದಲು ಸೊಪ್ಪು ಹಾಕ್ತೀನಿ, ಕೂಸಿಗೆ."

ಕೂಸು ಅಷ್ಟರಲ್ಲಿ ಆ ಕಪ್ಪು ಮಣ್ಣಿಗೆ ಎರಡೂ ಕೈ ಹಾಕಿತ್ತು. ಮುದುಕ ಅದನ್ನು ತಟ್ಟನೆ ಎತ್ತಿಕೊಂಡ.

"ಆಡ್ಲಿ ಬಿಡಪ್ಪಾ, ನಮ್ಮದೇ ಮಣ್ಣು!"

ಅವನು ಹೆಗಲ ಟವೆಲ್ಲಿನಿಂದ ಕೂಸಿನ ಅಂಗೈ ಒರೆಸಿದ, ಮತ್ತೆ ಒರೆಸಿದ. ಜಿಡ್ಡು ಹೋಗಲಿಲ್ಲ.